ಒಂದು ದಿರ್ಹಮಿನ ದೋಣಿ, ಹನ್ನೆರಡು ಟನ್ನಿನ ದೀಪ: ಕಲಬುರಗಿಯಿಂದ ದುಬೈಗೆ ಆರು ದಿನ

ದುಬೈ ನಮ್ಮ ಭಾಗಕ್ಕೆ ಹೊಸ ಹೆಸರಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಯಾವ ಓಣಿಗೆ ಹೋದರೂ ಗಲ್ಫಿನಲ್ಲಿ ದುಡಿದು ಬಂದವರು ಒಬ್ಬರಾದರೂ ಸಿಗುತ್ತಾರೆ. ಆದರೆ ದುಡಿಯಲು ಹೋದವರ ದುಬೈ ಬೇರೆ, ನೋಡಲು ಹೋಗುವವರ ದುಬೈ ಬೇರೆ. ಮೊದಲ ಸಲ ಹೋಗುವವರು ಎಡವುವುದು ಒಂದೇ ಕಡೆ: ಆ ಊರಿನ ವೈಭವ ನೋಡಲು ಅಗ್ಗ, ಹೊತ್ತು ತರಲು ತುಟ್ಟಿ. ಇದು ಗೊತ್ತಿಲ್ಲದೆ ಹೋದವರು ನೋಡುವುದನ್ನು ಅವಸರದಲ್ಲಿ ಮುಗಿಸಿ, ಕೊಳ್ಳುವುದರಲ್ಲಿ ದುಡ್ಡು ಕಳೆಯುತ್ತಾರೆ.

ಹೊರಡುವ ಮುನ್ನ

ಹೋಗುವುದಾದರೆ ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ. ಕಲಬುರಗಿಯ ಮೇ ತಿಂಗಳನ್ನು ಕಂಡವರಿಗೆ ಬಿಸಿಲೇನು ಮಹಾ ಅನ್ನಿಸಬಹುದು. ಆದರೆ ನಮ್ಮದು ಒಣ ಬಿಸಿಲು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 40 ಡಿಗ್ರಿ ದಾಟಿದ ಬಿಸಿಲಿನ ಜೊತೆ ಸಮುದ್ರದ ತೇವವೂ ಸೇರುತ್ತದೆ, ಮೈಮೇಲಿನ ಬೆವರು ಆರುವುದೇ ಇಲ್ಲ. ಆ ತಿಂಗಳುಗಳಲ್ಲಿ ಟಿಕೆಟ್, ಹೋಟೆಲ್ ಅಗ್ಗವಾಗುವುದು ಇದಕ್ಕೇ.

ವೀಸಾ ಮೊದಲೇ ಆಗಬೇಕು. ಅಮೆರಿಕ, ಬ್ರಿಟನ್‌ಗಳಂಥ ದೇಶಗಳ ವೀಸಾ ಅಥವಾ ವಾಸದ ಪರವಾನಗಿ ಇರುವ ಕೆಲವರನ್ನು ಬಿಟ್ಟರೆ ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾ ಸಿಗುವುದಿಲ್ಲ. 30 ದಿನದ್ದು, 60 ದಿನದ್ದು ಎರಡೂ ಇವೆ. ವಿಮಾನ ಕಂಪನಿ, ಟ್ರಾವೆಲ್ ಏಜೆನ್ಸಿ ಅಥವಾ ಹೋಟೆಲ್ ಮೂಲಕ ಅರ್ಜಿ ಹಾಕಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ಹತ್ತನೇ ತರಗತಿ ಪಾಸಾಗದ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ 'ಇಸಿಆರ್' ಇರುತ್ತದೆ, ಅಂದರೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ (ಎಮಿಗ್ರೇಶನ್ ಕ್ಲಿಯರೆನ್ಸ್) ಬೇಕು ಎಂಬ ಗುರುತು. ನಮ್ಮ ಕಡೆ ಹೀಗಿರುವವರು ಬಹಳ ಜನ. ಪ್ರವಾಸಕ್ಕೆ ಹೋಗುವವರಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಿಲ್ಲ. ಆದರೆ ಕೌಂಟರಿನಲ್ಲಿ ಪ್ರಶ್ನೆಗಳು ಹೆಚ್ಚು, ಆದ್ದರಿಂದ ವಾಪಸ್ ಟಿಕೆಟ್ಟು, ಹೋಟೆಲ್ ಬುಕಿಂಗ್, ವೀಸಾ ಮೂರನ್ನೂ ಕಾಗದದ ಮೇಲೆ ಮುದ್ರಿಸಿ ಅವರ ಕೈಯಲ್ಲೇ ಕೊಡಿ. ಮಗನ ಮೊಬೈಲಿನಲ್ಲಿದೆ ಎಂದರೆ, ಮಗ ಮುಂದಿನ ಸಾಲಿನಲ್ಲಿ ಹೋಗಿಬಿಟ್ಟಿರುತ್ತಾನೆ.

ಇನ್ನು ಬುತ್ತಿಯ ಮಾತು. ಇದನ್ನು ಎರಡು ಸಲ ಓದಿ. ಗಸಗಸೆ ಅಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿದೆ, ಏಕೆಂದರೆ ಅದು ಅಫೀಮು ಗಿಡದ ಬೀಜ. ನಮ್ಮ ಅಡುಗೆಮನೆಯಲ್ಲಿ ಅದು ಎಲ್ಲೆಲ್ಲಿ ಅಡಗಿದೆ ನೋಡಿ: ಅನಾರಸದ ಮೈಮೇಲೆ ಅಂಟಿರುತ್ತದೆ, ಕರದಂಟಿನಲ್ಲಿ ಇರುತ್ತದೆ, ಹೋಳಿಗೆಯ ಹೂರಣಕ್ಕೆ ಕೆಲವರು ಹುರಿದು ಹಾಕುತ್ತಾರೆ. ಮನೆಯಲ್ಲಿ ಕುಟ್ಟಿಸಿದ ಮಸಾಲೆ ಖಾರದಲ್ಲಂತೂ ಲವಂಗ, ಚಕ್ಕೆ, ಕಲ್ಲುಹೂವಿನ ಜೊತೆ ಅದೂ ಪುಡಿಯಾಗಿ ಹೋಗಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಒಂದು ಚಿಟಿಕೆಯೂ ಬೇಡ, ಸಂಶಯವಿರುವ ಡಬ್ಬಿ ಮನೆಯಲ್ಲೇ ಇರಲಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗೆ ತೊಂದರೆಯಿಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿ ನಡೆಯದು, ಚೆಕ್-ಇನ್ ಬ್ಯಾಗಿಗೆ ಹಾಕಬೇಕು. ಒಣ ಕೊಬ್ಬರಿ ಬಟ್ಟಲು ಯಾವ ಬ್ಯಾಗಿನಲ್ಲೂ ಬೇಡ, ಅದರ ಎಣ್ಣೆಯಂಶದಿಂದ ಬೆಂಕಿಯ ಭಯ. ಗುಟ್ಕಾ, ಎಲೆ-ಅಡಿಕೆ ಬಿಟ್ಟು ಹೋಗಿ. ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್, ಕೆಮ್ಮಿನ ಔಷಧಿಯಲ್ಲಿ ಕೊಡೀನ್ ಇದ್ದರೆ ಅಲ್ಲಿನ ಸರ್ಕಾರದ ಅನುಮತಿ ಮೊದಲೇ ಪಡೆಯಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಡಾಕ್ಟರ ಚೀಟಿ ಸಾಕು, ಆದರೆ ಮಾತ್ರೆಗಳು ಪಟ್ಟಿಯಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬಬೇಡಿ.

ಮೈಮೇಲಿನ ಬಂಗಾರದ ಬಗ್ಗೆಯೂ ಈಗಲೇ ಯೋಚಿಸಿ. ತಾಳಿ, ಸಣ್ಣ ಓಲೆ ಇರಲಿ, ಭಾರದ ಸರ-ಬಳೆ ಬ್ಯಾಂಕಿನ ಲಾಕರಿನಲ್ಲಿರಲಿ. ಹಾಕಿಕೊಂಡೇ ಹೋಗುವುದಾದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಯಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಇಲ್ಲದಿದ್ದರೆ ಮರಳುವಾಗ ಇದು ಅಲ್ಲಿ ಕೊಂಡಿದ್ದಲ್ಲ ಎಂದು ಸಾಬೀತು ಮಾಡುವ ಭಾರ ನಿಮ್ಮ ಮೇಲೆ.

ಮೊದಲ ದಿನ: ಶಂಶಾಬಾದಿನಿಂದ ಬರ್ ದುಬೈಗೆ

ನಮಗೆಲ್ಲ ಹತ್ತಿರದ ಬಾಗಿಲು ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ದಾಟಿ ಪಟಾನ್‌ಚೆರು ಬಳಿ ಔಟರ್ ರಿಂಗ್ ರೋಡ್ ಹತ್ತಿದರೆ ನಗರದೊಳಗೆ ಹೋಗದೆ ತಲುಪಬಹುದು. ಐದು ತಾಸು ಹಿಡಿಯಿರಿ. ಬೀದರಿನವರೂ ಜಹೀರಾಬಾದಿನಲ್ಲಿ ಇದೇ ದಾರಿಗೆ ಕೂಡುತ್ತಾರೆ. ಯಾದಗಿರಿಯವರು ಗುರುಮಠಕಲ್, ನಾರಾಯಣಪೇಟೆ, ಮಹಬೂಬನಗರದ ಮೇಲಿಂದ ಹೋದರೆ ಹೆದ್ದಾರಿ ನೇರ ಶಂಶಾಬಾದಿಗೇ ಮುಟ್ಟಿಸುತ್ತದೆ. ರೈಲಿನಲ್ಲಿ ಸಿಕಂದರಾಬಾದಿಗೆ ಹೋದರೆ ಅಲ್ಲಿಂದ ಪುಷ್ಪಕ್ ಬಸ್ಸಿದೆ. ರಾತ್ರಿ 10ರ ವಿಮಾನವಾದರೆ ಮಧ್ಯಾಹ್ನ 12ಕ್ಕೇ ಮನೆ ಬಿಡಿ. ಮೂರು ತಾಸು ಮೊದಲು ಕೌಂಟರಿನಲ್ಲಿರಬೇಕು, ಉಳಿದ ಎರಡು ತಾಸು ದಾರಿಯ ಚಹಾಕ್ಕೆ, ಪಂಚರ್‌ಗೆ.

ಹಾರಾಟ ಸುಮಾರು ನಾಲ್ಕು ತಾಸು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಯಾವ ಟರ್ಮಿನಲ್ಲಿನಲ್ಲಿ ಇಳಿಯುತ್ತೀರಿ ಎಂದು ಟಿಕೆಟ್ಟಿನಲ್ಲಿ ನೋಡಿಕೊಳ್ಳಿ: 1 ಮತ್ತು 3ಕ್ಕೆ ಮೆಟ್ರೋ ನಿಲ್ದಾಣವಿದೆ, 2ಕ್ಕೆ ಇಲ್ಲ. ಅಗ್ಗದ ಟಿಕೆಟ್ಟಿನ ವಿಮಾನಗಳು ಹೆಚ್ಚಾಗಿ 2ರಲ್ಲಿ ಇಳಿಯುತ್ತವೆ. ಅಲ್ಲಿಂದ ಟ್ಯಾಕ್ಸಿ ಮಾಡಬೇಕು, ನಿಲ್ದಾಣದ ಟ್ಯಾಕ್ಸಿ ಮೀಟರು 25 ದಿರ್ಹಮಿನಿಂದಲೇ ಶುರು. ದಾರಿಯ ಟೋಲ್ ಕೂಡ ಬಿಲ್ಲಿಗೆ ಸೇರುತ್ತದೆ, ಚಾಲಕ ಮೋಸ ಮಾಡಿದ ಎಂದುಕೊಳ್ಳಬೇಡಿ.

ಮೆಟ್ರೋಗೆ ನೋಲ್ ಕಾರ್ಡ್ ಬೇಕು. ಸಿಲ್ವರ್ ಕಾರ್ಡಿಗೆ 25 ದಿರ್ಹಮ್, ಅದರಲ್ಲಿ 19 ಪ್ರಯಾಣಕ್ಕೆ ಉಳಿಯುತ್ತದೆ. ಒಬ್ಬರಿಗೊಂದು ಕಾರ್ಡು, ಇಬ್ಬರಿಗೆ ಒಂದು ನಡೆಯದು. ಒಂದು ವಲಯದೊಳಗೆ 3, ಎರಡಕ್ಕೆ 5, ಅದಕ್ಕಿಂತ ದೂರಕ್ಕೆ 7.5 ದಿರ್ಹಮ್. ಚಾಲಕನಿಲ್ಲದ ಈ ರೈಲು 2009ರ ಸೆಪ್ಟೆಂಬರ್ 9ರಂದು ಶುರುವಾಯಿತು. ಮೊದಲ ಡಬ್ಬಿಯಲ್ಲಿ ಕೂತು ಮುಂದಿನ ಗಾಜಿನಿಂದ ಊರು ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಅದಕ್ಕೆ ಮೊದಲು ನೆಲದ ಮೇಲಿನ ಗೆರೆ ನೋಡಿ: ಗೋಲ್ಡ್ ಡಬ್ಬಿಗೆ ದುಪ್ಪಟ್ಟು ದರದ ಕಾರ್ಡು ಬೇಕು, ಗುಲಾಬಿ ಗೆರೆಯದು ಹೆಂಗಸರು-ಮಕ್ಕಳಿಗೆ. ತಪ್ಪು ಡಬ್ಬಿಯಲ್ಲಿ ಕಂಡರೆ 100 ದಿರ್ಹಮ್ ದಂಡ. ರೈಲಿನಲ್ಲಿ ತಿಂದರೂ, ನೀರು ಕುಡಿದರೂ ಅಷ್ಟೇ. ರವಿವಾರ ಮೆಟ್ರೋ ಬೆಳಗ್ಗೆ 5ಕ್ಕಲ್ಲ, 8ಕ್ಕೆ ಶುರು. ಅವತ್ತು ಬೆಳಗಿನ ವಿಮಾನವಿದ್ದವರು ನಿಲ್ದಾಣದ ಬಾಗಿಲಲ್ಲಿ ನಿಂತು ಪರದಾಡುವುದು ಮಾಮೂಲು.

ಉಳಿಯಲು ಬರ್ ದುಬೈ ಸರಿ. ಬರ್ಜುಮಾನ್ ನಿಲ್ದಾಣದಲ್ಲಿ ಕೆಂಪು, ಹಸಿರು ಎರಡೂ ಮಾರ್ಗ ಕೂಡುತ್ತವೆ, ಸಸ್ಯಾಹಾರದ ಊಟ ನಡೆದಷ್ಟು ದೂರದಲ್ಲೇ ಇದೆ. ಬುಕಿಂಗಿನಲ್ಲಿ ಪೂರ್ತಿ ಹಣ ಕಟ್ಟಿದ್ದರೂ ಹೋಟೆಲಿನಲ್ಲಿ 'ಟೂರಿಸಂ ದಿರ್ಹಮ್' ಕೇಳುತ್ತಾರೆ: ಹೋಟೆಲಿನ ದರ್ಜೆ ನೋಡಿ ಕೋಣೆಗೆ ದಿನಕ್ಕೆ 7ರಿಂದ 20. ಇದು ಸರ್ಕಾರದ್ದು, ವಾದ ಮಾಡಿ ಪ್ರಯೋಜನವಿಲ್ಲ. ಪ್ಲಗ್ಗು ಅಲ್ಲಿ ಮೂರು ಚಪ್ಪಟೆ ಕಡ್ಡಿಯದು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ವಾಟ್ಸಾಪ್‌ನಲ್ಲಿ ಮೆಸೇಜು, ಫೋಟೋ ಹೋಗುತ್ತವೆ, ಆದರೆ ಕಾಲ್ ಹೋಗುವುದಿಲ್ಲ. ಇದನ್ನು ಹೊರಡುವ ಮುಂಚೆಯೇ ಮನೆಯಲ್ಲಿ ಹೇಳಿಬಿಡಿ, ಇಲ್ಲದಿದ್ದರೆ ವಿಡಿಯೋ ಕಾಲ್ ಹತ್ತಲಿಲ್ಲವೆಂದು ಊರಲ್ಲಿ ಗಾಬರಿ. ಲೆಕ್ಕಕ್ಕೆ ದಿರ್ಹಮನ್ನು 25 ರೂಪಾಯಿ ಎಂದಿಟ್ಟುಕೊಳ್ಳಿ, ನೂರಕ್ಕೆ ಎರಡೂವರೆ ಸಾವಿರ ಎಂದು ತಲೆಯಲ್ಲೇ ಗುಣಿಸಬಹುದು. ಖರೇ ದರ ಹೊರಡುವ ದಿನ ನೋಡಿಕೊಂಡರಾಯಿತು.

ಭಾಷೆಯ ಚಿಂತೆ ಬೇಡವೇ ಬೇಡ. ನಮ್ಮ ದಖನಿ ಅಲ್ಲಿ ಟ್ಯಾಕ್ಸಿಯಿಂದ ಸೂಕ್‌ವರೆಗೆ, ಅಂದರೆ ಪೇಟೆಯವರೆಗೆ, ಎಲ್ಲ ಕಡೆ ನಡೆಯುತ್ತದೆ.

ಎರಡನೇ ದಿನ: ಕ್ರೀಕ್, ಸೂಕ್, ಬಂಗಾರ

ಬಹಳ ಜನ ಮೊದಲು ಗಗನಚುಂಬಿಗೆ ಓಡುತ್ತಾರೆ. ಹಳೇ ಊರಿನಿಂದ ಶುರು ಮಾಡುವುದು ಒಳ್ಳೆಯದು, ಆಗ ಹೊಸದರ ಎತ್ತರ ತಿಳಿಯುತ್ತದೆ. ಬೆಳಗ್ಗೆ 8ಕ್ಕೆಲ್ಲ ಅಲ್ ಫಹೀದಿಯಲ್ಲಿರಿ. ಹವಳದ ಕಲ್ಲು, ಜಿಪ್ಸಮ್ಮಿನ ಗೋಡೆ, ಕಿರಿದಾದ ಓಣಿ, ಮನೆಯ ಮೇಲೆ ಚೌಕದ ಗಾಳಿಗೋಪುರ. ಗೋಪುರದ ನಾಲ್ಕೂ ಮಗ್ಗುಲು ತೆರೆದಿರುತ್ತವೆ, ಒಳಗೆ ಕರ್ಣಕ್ಕೆ ಅಡ್ಡಗೋಡೆ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಅಡ್ಡಗೋಡೆಗೆ ಬಡಿದು ಕೆಳಗಿನ ಕೋಣೆಗೆ ಇಳಿಯುತ್ತದೆ, ಬಿಸಿ ಗಾಳಿ ಎದುರು ಮಗ್ಗುಲಿನಿಂದ ಹೊರಬೀಳುತ್ತದೆ. ಬೀದರಿನ ಕರೇಜ್, ಅಂದರೆ ನೆಲದಡಿಯ ನೀರಿನ ಕಾಲುವೆ, ನೋಡಿದವರಿಗೆ ಇದು ಅದೇ ಜಾತಿಯ ಬುದ್ಧಿ ಎಂದು ತಟ್ಟನೆ ಹೊಳೆಯುತ್ತದೆ. ಅಲ್ಲಿ ನೀರಿಗೆ, ಇಲ್ಲಿ ಗಾಳಿಗೆ. ಎರಡೂ ಪರ್ಷಿಯಾದಿಂದ ಬಂದ ವಿದ್ಯೆ. ಪಕ್ಕದ ಫಹೀದಿ ಕೋಟೆ 1787ರದು.

ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದಕ್ಕೂ ಮುಂಚೆ ಈ ಊರು ಬದುಕಿದ್ದು ಮುತ್ತಿನ ಮೇಲೆ. ಹೈದರಾಬಾದಿನ ಮುತ್ತಿನ ಪೇಟೆಗೆ ಕೊಲ್ಲಿಯ ಮುತ್ತುಗಳೇ ಬರುತ್ತಿದ್ದವು. ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದು 1930ರ ದಶಕದಲ್ಲಿ ಆ ವ್ಯಾಪಾರ ನೆಲಕಚ್ಚಿತು. ಇನ್ನೊಂದು ಸಂಗತಿ: 1966ರವರೆಗೆ ಇಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಕೊಲ್ಲಿಗೆಂದೇ 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಬೇರೆ ಬಣ್ಣದ ನೋಟು ಮುದ್ರಿಸಿತ್ತು.

ಅಲ್ಲಿಂದ ಬಟ್ಟೆಯ ಸೂಕ್ ಹಾದು ಕ್ರೀಕ್‌ನ ದಂಡೆಗೆ ಬನ್ನಿ, ಕ್ರೀಕ್ ಎಂದರೆ ಊರೊಳಗೆ ಚಾಚಿದ ಸಮುದ್ರದ ಕವಲು. ಅಲ್ಲಿ ಅಬ್ರಾ, ಅಂದರೆ ಮರದ ದೋಣಿ. ಆಚೆ ದಡದ ದೇರಾಕ್ಕೆ ಒಂದು ದಿರ್ಹಮ್. ನಾಣ್ಯ ಕೈಯಲ್ಲಿರಲಿ, ದೋಣಿ ಹೊರಟ ಮೇಲೆ ಚಾಲಕನ ಕೈಗೇ ಕೊಡುವುದು. ದಂಡೆಯ ಮೇಲೆ 'ಬೋಟ್ ಟೂರ್' ಎಂದು ಕರೆಯುವವರು ಇಡೀ ದೋಣಿಯ ಬಾಡಿಗೆ ಹೇಳುತ್ತಾರೆ, ಅವರನ್ನು ದಾಟಿ ಜನ ಸಾಲಾಗಿ ಇಳಿಯುವ ಕಡೆಗೆ ನಡೆಯಿರಿ. ನಡುವೆ ಬೆನ್ನಿಗೆ ಬೆನ್ನು ಹಚ್ಚಿ ಕೂರುವ ಹಲಗೆ, ಸುತ್ತ ಕಟಾಂಜನವಿಲ್ಲ, ಮಕ್ಕಳ ಕೈ ಬಿಡಬೇಡಿ. ಐದಾರು ನಿಮಿಷದ ದಾರಿ. ಇಡೀ ದುಬೈಯಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಸುಖ ಕೊಡುವುದು ಇನ್ನೊಂದಿಲ್ಲ.

ದೇರಾದಲ್ಲಿ ಮೊದಲು ಸಿಗುವುದು ಮಸಾಲೆ ಸೂಕ್. ಕೇಸರಿ ಕೊಳ್ಳುವವರು ಎರಡು ಎಳೆ ನೀರಿಗೆ ಹಾಕಿಸಿ ನೋಡಿ. ಬಣ್ಣ ನಿಧಾನಕ್ಕೆ ಹಳದಿಯಾಗಿ ಬಿಟ್ಟು ಎಳೆ ಕೆಂಪಾಗೇ ಉಳಿದರೆ ಅಸಲಿ, ಬಿದ್ದ ಕೂಡಲೇ ಕೆಂಪು ಕಾರಿಕೊಂಡರೆ ಬಣ್ಣ ಹಚ್ಚಿದ್ದು. ಮುಂದೆ ಬಂಗಾರದ ಸೂಕ್. ಮಧ್ಯಾಹ್ನ 1ರಿಂದ 4ರವರೆಗೆ ಎಷ್ಟೋ ಅಂಗಡಿ ಮುಚ್ಚಿರುತ್ತವೆ, ಶುಕ್ರವಾರ ನಮಾಜಿನ ಹೊತ್ತಿಗೆ ಇನ್ನೂ ಹೆಚ್ಚು. 10ರಿಂದ 1ರೊಳಗೆ ಹೋಗಿ, ಇಲ್ಲವೇ ಸಂಜೆ. 'ನಜ್ಮತ್ ತೈಬಾ' ಎಂಬ ಸುಮಾರು 64 ಕೆಜಿಯ ಉಂಗುರ ಇಲ್ಲಿನದೇ, ಪುಕ್ಕಟೆ ನೋಡಬಹುದು. ಕಿವಿಯ ಹತ್ತಿರ ಬಂದು 'ಕಾಪಿ ವಾಚ್' ಎನ್ನುವವರ ಹಿಂದೆ ಮಾತ್ರ ಮೆಟ್ಟಿಲು ಹತ್ತಬೇಡಿ.

ಕೊಳ್ಳುವವರಿಗೆ ಲೆಕ್ಕ ಹೀಗೆ. ಅಂದಿನ ದರ ಎಲ್ಲ ಅಂಗಡಿಯಲ್ಲೂ ಒಂದೇ. ಗ್ರಾಂ ಲೆಕ್ಕದಲ್ಲಿ 24, 22, 21, 18 ಕ್ಯಾರೆಟ್‌ಗೆ ಬೇರೆ ಬೇರೆ ಬರೆದಿರುತ್ತದೆ. ದರದ ಮೇಲೆ ಚೌಕಾಸಿ ಇಲ್ಲ, ಚೌಕಾಸಿ ಮಜೂರಿಯ ಮೇಲೆ. ಗ್ರಾಮಿಗೆ ಎಷ್ಟು ಮಜೂರಿ, ಹರಳಿನ ತೂಕ ಕಳೆದಿದ್ದೀರಾ ಎಂದು ಎರಡೂ ಕೇಳಿ, ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ಇನ್ನು ನಮ್ಮ ಸರಾಫ್ ಅಂಗಡಿಯಲ್ಲಿ ತೊಲ ಅಂದರೆ 10 ಗ್ರಾಂ, ಗಲ್ಫಿನ 'ಹತ್ತು ತೊಲ'ದ ಬಿಸ್ಕೀಟು ಹಳೇ ತೊಲದ್ದು, 116.64 ಗ್ರಾಂ. ನೂರು ಗ್ರಾಂ ಎಂದುಕೊಂಡು ಬೆಲೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಅಲ್ಲಿ ವ್ಯಾಟ್ ಶೇ 5. 250 ದಿರ್ಹಮ್ ಮೀರಿದ ಬಿಲ್ಲಿಗೆ ಪ್ರವಾಸಿಗಳಿಗೆ ವಾಪಸಾತಿ ಇದೆ, ಆದರೆ ಪೂರ್ತಿ ಅಲ್ಲ: ವ್ಯಾಟಿನ ಶೇ 85, ಅದರಲ್ಲಿ ಬಿಲ್ಲಿಗೆ 4.80 ದಿರ್ಹಮ್ ಶುಲ್ಕ ಕಡಿತ. 8,000 ದಿರ್ಹಮಿನ ಸರಕ್ಕೆ ವ್ಯಾಟ್ 400. ಕೈಗೆ ಬರುವುದು 335.20. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ 'ಟ್ಯಾಕ್ಸ್ ಫ್ರೀ' ಮಾಡಿಸಬೇಕು, ಆಮೇಲೆ ಹೋಗಿ ಕೇಳಿದರೆ ಕೆಲಸವಾಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಸಲಹೆ ಒಂದೇ: ಬಂಗಾರಕ್ಕಾಗಿ ದುಬೈಗೆ ಹೋಗಬೇಡಿ. ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಆಭರಣ ಸುಂಕವಿಲ್ಲದೆ ತರಬಹುದು ಎಂದು ಊರೆಲ್ಲ ಹೇಳುತ್ತಾರೆ. ಆ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ನೆಲೆಸಿ ಮರಳುವವರಿಗೆ. ಕಡಿಮೆ ದರದ ಸುಂಕ ಸಿಗಲೂ ಆರು ತಿಂಗಳು ಹೊರಗಿದ್ದಿರಬೇಕು. ಆರು ದಿನದ ಪ್ರವಾಸಿ ಈ ಎರಡರಲ್ಲೂ ಬರುವುದಿಲ್ಲ. ಗಲ್ಫಿನಲ್ಲಿ ದುಡಿಯುವ ಅಣ್ಣ ತಂದದ್ದು ನಡೆಯಿತೆಂದು ನೋಡಲು ಹೋದ ತಮ್ಮನದೂ ನಡೆಯುತ್ತದೆ ಎಂದುಕೊಳ್ಳುವುದರಿಂದಲೇ ಹೆಚ್ಚಿನವರು ಕಸ್ಟಮ್ಸಿನಲ್ಲಿ ಸಿಕ್ಕಿಬೀಳುವುದು.

ಮೂರನೇ ದಿನ: ಬುರ್ಜ್ ಖಲೀಫಾ

828 ಮೀಟರ್. 2010ರ ಜನವರಿ 4ರಂದು ತೆರೆದದ್ದು. ಸಾಮಾನ್ಯ ಟಿಕೆಟ್ಟು 124 ಮತ್ತು 125ನೇ ಮಹಡಿಗೆ, ದುಬಾರಿಯದು 148ಕ್ಕೆ. ಮೊದಲ ಸಲಕ್ಕೆ 124 ಸಾಕು. ಮೇಲೆ ಹೋದಷ್ಟೂ ಊರು ನಕಾಶೆಯಾಗುತ್ತ ಹೋಗುತ್ತದೆ, ಗುರುತು ಸಿಗುವುದಿಲ್ಲ. ಟಿಕೆಟ್ಟು ತಾಸಿನ ಲೆಕ್ಕದ್ದು, ಸೂರ್ಯಾಸ್ತದ ಹೊತ್ತಿನದು ಎಲ್ಲಕ್ಕಿಂತ ತುಟ್ಟಿ, ಮೊದಲು ಖಾಲಿಯಾಗುವುದೂ ಅದೇ. ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದಿಡಿ. ಡಿಸೆಂಬರಿನಲ್ಲಿ ಅಲ್ಲಿ ಹೊತ್ತು ಮುಳುಗುವುದು ಸಂಜೆ ಐದೂವರೆಗೆ. ನಾಲ್ಕರ ಟಿಕೆಟ್ಟು ತೆಗೆದರೆ ಸಾಲಿನಲ್ಲಿ ನಿಂತು ಮೇಲೆ ಮುಟ್ಟುವ ಹೊತ್ತಿಗೆ ಐದು ಬಡಿದಿರುತ್ತದೆ. ಹಗಲು, ಮುಳುಗುವ ಸೂರ್ಯ, ದೀಪ ಮೂರೂ ಒಂದೇ ಟಿಕೆಟ್ಟಿನಲ್ಲಿ. ಲಿಫ್ಟು ಸೆಕೆಂಡಿಗೆ 10 ಮೀಟರ್ ಏರುತ್ತದೆ. ಕಿವಿ ಗುಂಯ್ ಎಂದರೆ ಉಗುಳು ನುಂಗಿ. ಇಳಿಯಲೂ ಸಾಲು ಇರುತ್ತದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಳಗೆ ಕಾರಂಜಿ ಕುಣಿತ ಸಂಜೆ ಅರ್ಧ ತಾಸಿಗೊಮ್ಮೆ, ಪುಕ್ಕಟೆ. ಒಂದು ತಪ್ಪಿದರೆ ಮುಂದಿನದು ಇದ್ದೇ ಇದೆ.

ಮೆಟ್ರೋದಿಂದ ಇಳಿದವರು ಬಂದೇಬಿಟ್ಟೆವು ಎಂದು ಹಿಗ್ಗಬೇಡಿ. ನಿಲ್ದಾಣದಿಂದ ಮಾಲ್‌ವರೆಗೆ ಗಾಜಿನ ಸೇತುವೆಯಲ್ಲಿ 820 ಮೀಟರ್, ಮಾಲ್‌ನೊಳಗೆ ಗೋಪುರದ ಬಾಗಿಲಿಗೆ ಇನ್ನಷ್ಟು. ಮಂಡಿನೋವಿನವರಿದ್ದರೆ ನಡುನಡುವೆ ಕೂರಿಸಿ, 45 ನಿಮಿಷ ಕೈಯಲ್ಲಿಟ್ಟುಕೊಂಡು ಹೊರಡಿ. ಬೆಳಗಿನ ಹೊತ್ತು ಖಾಲಿಯಿದ್ದರೆ ಚೌಕಟ್ಟಿನ ಆಕಾರದ 150 ಮೀಟರಿನ ಕಟ್ಟಡ ದುಬೈ ಫ್ರೇಮ್ ನೋಡಿ: ಒಂದು ಕಿಟಕಿಯಲ್ಲಿ ನಿನ್ನೆ ನೋಡಿದ ಹಳೇ ಊರು, ಎದುರಿನದರಲ್ಲಿ ಇವತ್ತಿನದು. ರಸ್ತೆಯನ್ನು ಮಾತ್ರ ನಮ್ಮೂರಿನಂತೆ ಎಲ್ಲೆಂದರಲ್ಲಿ ದಾಟಬೇಡಿ, 400 ದಿರ್ಹಮ್ ದಂಡ.

ನಾಲ್ಕನೇ ದಿನ: ಅಬುಧಾಬಿ

ಅಲ್ ಗುಬೈಬಾ ಬಸ್ ನಿಲ್ದಾಣದಿಂದ ಇ100 ನಂಬರಿನ ಬಸ್ಸು. 25 ದಿರ್ಹಮ್, ಎರಡು ತಾಸು, ನೋಲ್ ಕಾರ್ಡಿನಲ್ಲೇ ಹಣ ತುಂಬಿಸಿರಬೇಕು. ಅಲ್ಲಿ ಇಳಿದು ಟ್ಯಾಕ್ಸಿ ಹಿಡಿದರೆ ಶೇಖ್ ಝಾಯೆದ್ ಮಸೀದಿ. ಪ್ರವೇಶ ಪುಕ್ಕಟೆ, ಆದರೆ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ ಕ್ಯೂಆರ್ ಇಟ್ಟುಕೊಳ್ಳಿ. ಶುಕ್ರವಾರ ಮಧ್ಯಾಹ್ನ ಬೇಡ.

ಉಡುಪಿನ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಬಾಗಿಲಲ್ಲೇ ನಿಲ್ಲಬೇಕಾಗುವುದು ಸೀರೆಯಿಂದ. ಸೆರಗು ತಲೆಗೆ ಹೊದ್ದರೂ ಗಿಡ್ಡ ತೋಳಿನ ರವಿಕೆ, ಸೊಂಟ ಕಾಣುವುದು ನಡೆಯುವುದಿಲ್ಲ. ಪೂರ್ತಿ ತೋಳಿನ ಸಡಿಲ ಚೂಡಿದಾರ, ತಲೆ ಮುಚ್ಚುವಷ್ಟು ದುಪಟ್ಟಾ ಸರಿ. ಗಂಡಸರಿಗೆ ಚಡ್ಡಿ ಬೇಡ.

ಒಳಗೆ ಅವಸರ ಬೇಡ. 82 ಗುಮ್ಮಟ. ಅಂಗಳ 17,000 ಚದರ ಮೀಟರ್, ನಮ್ಮ ಅಳತೆಯಲ್ಲಿ ನಾಲ್ಕು ಎಕರೆಗೂ ಮಿಕ್ಕಿದ ಅಮೃತಶಿಲೆಯ ಹೂಬಳ್ಳಿ. ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿಗೆ ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಮಾಳಿಗೆ. ಅದನ್ನು ನೋಡಿ ಬಂದವರಿಗೆ ಈ ಬಯಲಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ. ನಮಾಜಿನ ಹಾಲಿನ ರತ್ನಗಂಬಳಿ ಒಂದೇ ತುಂಡಿನಂತೆ ಹಾಸಿದ 5,627 ಚದರ ಮೀಟರ್, ಅಂದರೆ ಒಂದು ಎಕರೆ ಹದಿನೈದೂವರೆ ಗುಂಟೆ. ಇರಾನಿನಲ್ಲಿ ಕೈಯಿಂದ ನೇಯ್ದದ್ದು. ಮೇಲೆ ತೂಗುವ ದೊಡ್ಡ ದೀಪ ಸುಮಾರು 12 ಟನ್, ಜರ್ಮನಿಯಲ್ಲಿ ಮಾಡಿದ್ದು. ಎಲ್ಲರೂ ಕತ್ತೆತ್ತಿ ಅದನ್ನೇ ನೋಡುತ್ತಾರೆ. ನೀವು ಕಂಬದ ಹತ್ತಿರ ನಿಲ್ಲಿ. ಹಾಲಿನ 96 ಕಂಬಗಳ ಬಿಳಿ ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೊರೆದು ಕೂರಿಸಿದ್ದಾರೆ, ಕಲ್ಲೆಲ್ಲಿ ಮುಗಿದು ಚಿಪ್ಪೆಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ನಯ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಬಳ್ಳಿ ಬಣ್ಣ ಬದಲಿಸುತ್ತದೆ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಕೂರಿಸಿದ ಚಿಪ್ಪು ಇದೇ ಆಟ ಆಡುತ್ತದೆ, ಕಪ್ಪಿನ ಮೇಲೆ ಇನ್ನೂ ಚೆನ್ನಾಗಿ ಆಡುತ್ತದೆ ಎಂದರೂ ತಪ್ಪಿಲ್ಲ. ಸಂಜೆ ನಾಲ್ಕಕ್ಕೆ ಒಳಗೆ ಹೋಗಿ ದೀಪ ಹತ್ತಿದ ಮೇಲೆ ಹೊರಬಂದರೆ ಎರಡು ಮಸೀದಿ ನೋಡಿದಂತೆ.

ಐದನೇ ದಿನ: ಸಮುದ್ರ, ಮರಳು

ಬೆಳಗ್ಗೆ ಉಮ್ ಸುಕೈಮ್ ಬೀಚಿನಿಂದ 321 ಮೀಟರಿನ ಬುರ್ಜ್ ಅಲ್ ಅರಬ್ ಹೋಟೆಲನ್ನು ಹೊರಗಿನಿಂದ ನೋಡಿದರೆ ಸಾಕು. ಮಧ್ಯಾಹ್ನ ಊಟ ಹಗುರವಾಗಿರಲಿ, ಮೂರರ ಸುಮಾರಿಗೆ ಮರಳುಗಾಡಿನ ಸಫಾರಿ ಜೀಪು ಬರುತ್ತದೆ. ಮರಳು ಶುರುವಾಗುವಲ್ಲಿ ಚಾಲಕ ಟೈರಿನ ಗಾಳಿಯನ್ನು 15 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತಾನೆ. ಟೈರು ಚಪ್ಪಟೆಯಾಗಿ ಹೆಚ್ಚು ಮರಳಿನ ಮೇಲೆ ಕೂರುತ್ತದೆ, ಗಾಲಿ ಹೂಳುವುದಿಲ್ಲ. ಆಮೇಲೆ ಅರ್ಧ ತಾಸು ಜೀಪು ದಿಬ್ಬದಿಂದ ದಿಬ್ಬಕ್ಕೆ ಜಾರುತ್ತದೆ. ಬೆನ್ನುನೋವು, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಹತ್ತಬಾರದು. ಅವರನ್ನು ನೇರ ಕ್ಯಾಂಪಿಗೆ ಕರೆದೊಯ್ಯಲು ಬುಕಿಂಗ್ ವೇಳೆಯಲ್ಲೇ ಹೇಳಿ. ಹಿಂದಿನ ಸೀಟಿನಲ್ಲಿ ಹೊಟ್ಟೆ ತೊಳಸುವುದು ಹೆಚ್ಚು, ಮಕ್ಕಳನ್ನು ನಡುವಿನ ಸೀಟಿಗೆ ಕೂರಿಸಿ. ಕ್ಯಾಂಪಿನಲ್ಲಿ ಕ್ವಾಡ್ ಬೈಕು, ಗಿಡುಗದ ಫೋಟೋ ಎಂದು ಒಂದೊಂದಕ್ಕೂ ಬೇರೆ ದುಡ್ಡು ಕೇಳಿದರೆ ಬೆಲೆ ಮೊದಲೇ ಮಾತಾಡಿ.

ಆರನೇ ದಿನ: ವಾಪಸ್

ವ್ಯಾಟ್ ಬಿಲ್ಲು ಇದ್ದವರು ಇನ್ನೊಂದು ತಾಸು ಮುಂಚೆ ನಿಲ್ದಾಣಕ್ಕೆ ಹೋಗಿ. ಕ್ರಮ ತಪ್ಪಬಾರದು: ಮೊದಲು ವಾಪಸಾತಿ ಕೌಂಟರಿನಲ್ಲಿ ಬಿಲ್ಲು, ಸಾಮಾನು ತೋರಿಸಿ ಒಪ್ಪಿಗೆ, ಆಮೇಲೆ ಬ್ಯಾಗು ಚೆಕ್-ಇನ್. ಬ್ಯಾಗು ಬೆಲ್ಟಿನ ಮೇಲೆ ಹೋದ ಮೇಲೆ ಸಾಮಾನು ತೋರಿಸಿ ಎಂದರೆ ತೋರಿಸಲು ಏನೂ ಇರುವುದಿಲ್ಲ.

ಶಂಶಾಬಾದಿನಲ್ಲಿ ಕಸ್ಟಮ್ಸಿಗೆ ಹಸಿರು, ಕೆಂಪು ಎರಡು ದಾರಿ: ಸುಂಕದ ಸಾಮಾನು ಇಲ್ಲದವರಿಗೆ ಹಸಿರು, ಇದ್ದವರಿಗೆ ಕೆಂಪು. ಬಂಗಾರ ಕೊಂಡಿದ್ದರೆ ಕೆಂಪು ದಾರಿ ಹಿಡಿದು, ಬಿಲ್ಲು ತೋರಿಸಿ, ಸುಂಕ ಕಟ್ಟಿ ರಸೀದಿ ಪಡೆಯಿರಿ. ಹಸಿರಿನಲ್ಲಿ ಸಿಕ್ಕಿಬಿದ್ದರೆ ಸರ ಅವರ ಹತ್ತಿರ ಉಳಿಯುತ್ತದೆ, ದಂಡ ಬೇರೆ. ಖರ್ಜೂರ, ಕೇಸರಿ, ಒಂದು ಪೊಟ್ಟಣ ಲೋಬಾನ ಇಷ್ಟೇ ತಂದವರು ಹತ್ತು ನಿಮಿಷದಲ್ಲಿ ಹೊರಗಿರುತ್ತಾರೆ. ಜಹೀರಾಬಾದಿನ ಕಡೆ ಗಾಡಿ ತಿರುಗಿಸಿದರೆ ಹುಮನಾಬಾದಿನಲ್ಲಿ ನಾಷ್ಟಾ.